ನಿಸ್ತಂತು ಸಂಪರ್ಕದ ಕಡಿತವೂ ನಮ್ಮ ಪ್ರಯೋಗಶಿಕ್ಷಣವೂ

ಜಾಲಸಂಪರ್ಕವು ಕಡಿದುಹೋದ ಗಣಕಯಂತ್ರದ ಮುಂದೆ ಕುಳಿತವನಿಗೆ ಸಲಹೆಗಾರರ ಕೊರತೆಯೆಂಬುದು ಎಂದಿಗೂ ಇರುವುದಿಲ್ಲ. "ಒಮ್ಮೆ ಆಫ್ ಮಾಡಿ ಆನ್ ಮಾಡು" ಎಂದು ಒಬ್ಬನು ಹೇಳುವನು. "ರೂಟರಿನ ಪ್ಲಗ್ಗನ್ನು ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕು" ಎಂದು ಇನ್ನೊಬ್ಬನು ಹೇಳುವನು. "ಡ್ರೈವರನ್ನು ತೆಗೆದುಹಾಕಿ ಹೊಸದಾಗಿ ಸ್ಥಾಪಿಸು" ಎಂಬುದು ಮೂರನೆಯವನ ಮತ. ಇವುಗಳಲ್ಲಿ ಯಾವುದೋ ಒಂದರಿಂದ ಸಂಪರ್ಕವು ಮರಳಿ ಬರುವುದು. ಬಂದೊಡನೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುವರು. ಮರುದಿನ ಅದು ಪುನಃ ಕಡಿಯುವುದು. ಸಲಹೆಗಾರರೂ ಪುನಃ ಕೂಡುವರು. ಏತಕ್ಕಾಗಿ ಕಡಿಯಿತು ಎಂಬ ಪ್ರಶ್ನೆಯನ್ನು ಕೇಳುವವರು ಮಾತ್ರ ಆ ಗುಂಪಿನಲ್ಲಿ ಅಪರೂಪ.

ಈ ನಿತ್ಯದ ಸಂಗತಿಯಲ್ಲಿ ನಮ್ಮ ವಿಜ್ಞಾನಶಿಕ್ಷಣದ ಒಂದು ದೊಡ್ಡ ಕೊರತೆಯು ಕಾಣಿಸುತ್ತದೆಯೆಂಬುದು ನಮ್ಮ ಅಭಿಪ್ರಾಯ. ಹೈಸ್ಕೂಲಿನಿಂದ ಹಿಡಿದು ಪದವಿಯವರೆಗೆ ನಾವು ವಿದ್ಯಾರ್ಥಿಗಳಿಗೆ ಅಳತೆ ಮಾಡುವುದನ್ನು ಕಲಿಸುತ್ತೇವೆ, ಗ್ರಾಫು ಬರೆಯುವುದನ್ನು ಕಲಿಸುತ್ತೇವೆ. ಕೆಟ್ಟುಹೋದ ಉಪಕರಣದ ಮುಂದೆ ಹೇಗೆ ಯೋಚಿಸಬೇಕೆಂಬುದನ್ನು ಮಾತ್ರ ಎಲ್ಲಿಯೂ ಕಲಿಸುವುದಿಲ್ಲ. ಕೆಟ್ಟದ್ದನ್ನು ಅಟೆಂಡರು ಪಕ್ಕಕ್ಕಿರಿಸಿ ಬೇರೊಂದನ್ನು ತಂದಿಡುವನು, ಪ್ರಯೋಗವು ಮುಂದುವರಿಯುವುದು.

ಈ ಅಭಿಪ್ರಾಯವು ನಮಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಕೈಯಿಂದಲೇ ಆದ ಒಂದು ತಪ್ಪಿನಿಂದ ಬಂದಿತು. ಅದನ್ನು ಮೊದಲೇ ಹೇಳಿಬಿಡುವುದು ಮೇಲು.

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ, ಇತರ ಕಾಲೇಜುಗಳಲ್ಲಿರುವಂತೆಯೇ, ನ್ಯೂಟನ್ನನ ತಣಿಯುವಿಕೆಯ ನಿಯಮವನ್ನು ಪರೀಕ್ಷಿಸುವ ಪ್ರಯೋಗವೊಂದುಂಟು. ಕ್ಯಾಲೊರಿಮೀಟರಿನಲ್ಲಿ ಬಿಸಿನೀರನ್ನು ತುಂಬಿ, ಅದು ತಣಿಯುತ್ತಿರುವಂತೆ ನಿಮಿಷಕ್ಕೊಮ್ಮೆ ಅದರ ಉಷ್ಣತೆಯನ್ನು ಗುರುತಿಸಿಕೊಳ್ಳಬೇಕು. ಹಿಂದೆ ಇದಕ್ಕೆ ಒಂದು ಥರ್ಮಾಮೀಟರು ಮತ್ತು ಒಂದು ಗಡಿಯಾರ ಸಾಕಾಗಿದ್ದುವು. ಈಗ ವಿದ್ಯುತ್ ಸಂವೇದಕವೊಂದನ್ನು ನೀರಿನಲ್ಲಿ ಮುಳುಗಿಸಿ, ಅದನ್ನು ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಜೋಡಿಸುತ್ತೇವೆ. ಲ್ಯಾಪ್‌ಟಾಪು ಪ್ರತಿಯೊಂದು ಅಳತೆಯನ್ನೂ ವೈ-ಫೈ ಎಂಬ ನಿಸ್ತಂತು ಜಾಲದ ಮೂಲಕ ಕೋಣೆಯ ಇನ್ನೊಂದು ಕೊನೆಯಲ್ಲಿರುವ ಮುಖ್ಯ ಗಣಕಕ್ಕೆ ಕಳುಹಿಸುವುದು. ನಡುವೆ ಸಂಪರ್ಕವು ಕಡಿದರೆ ಅಷ್ಟು ಹೊತ್ತಿನ ಅಳತೆಗಳು ಇಲ್ಲವಾಗುವುವು.

ಒಬ್ಬ ವಿದ್ಯಾರ್ಥಿನಿಯ ರೆಕಾರ್ಡ್ ಪುಸ್ತಕದಲ್ಲಿ ಈ ಪ್ರಯೋಗದ ಗ್ರಾಫು ಬಹು ಅಂದವಾಗಿ ಬಂದಿತ್ತು. ನಲವತ್ತು ಬಿಂದುಗಳು, ಎಲ್ಲವೂ ನುಣುಪಾದ ಒಂದೇ ವಕ್ರರೇಖೆಯ ಮೇಲೆ. ನಾವು ಪೂರ್ಣಾಂಕಗಳನ್ನು ಕೊಟ್ಟು ಸಹಿ ಹಾಕಿದೆವು. ಕೆಲವು ದಿನಗಳ ಮೇಲೆ ಬೇರಾವುದೋ ಕಾರಣಕ್ಕಾಗಿ ಮುಖ್ಯ ಗಣಕದ ಕಡತವನ್ನು ತೆರೆದಾಗ ಅದೇ ದಿನದ ಅದೇ ಪ್ರಯೋಗದಲ್ಲಿ ಇಪ್ಪತ್ತೊಂಬತ್ತು ಅಳತೆಗಳು ಮಾತ್ರ ಕಂಡುವು. ಕರೆದು ಕೇಳಿದೆವು. ಆಕೆ ಯಾವ ಅಳುಕೂ ಇಲ್ಲದೆ, "ನಡುವೆ ಕನೆಕ್ಷನ್ ಹೋಗಿತ್ತು, ಸರ್. ಪ್ರತಿ ಸಲವೂ ಹೋಗುತ್ತದೆ. ಉಳಿದ ಬಿಂದುಗಳನ್ನು ಗೆರೆ ನೋಡಿಕೊಂಡು ತುಂಬಿಸಿದೆ. ನಮ್ಮ ಬ್ಯಾಚಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತೇವೆ" ಎಂದಳು. ಆಕೆಯ ಮುಖದಲ್ಲಿ ಕಪಟವಿರಲಿಲ್ಲ. ಗ್ರಾಫು ನುಣುಪಾಗಿದ್ದರೆ ಅಂಕ ಬರುವುದೆಂಬುದನ್ನು ನಾವೇ ಕಲಿಸಿದ್ದೆವು.

ಒಂದು ಸಣ್ಣ ಯಂತ್ರದೋಷವು ಒಂದು ಇಡೀ ತರಗತಿಗೆ ಸುಳ್ಳು ಅಳತೆಯನ್ನು ಬರೆಯುವ ಅಭ್ಯಾಸವನ್ನು ಮಾಡಿಸಿತ್ತು. ಆ ಅಭ್ಯಾಸಕ್ಕೆ ನಾವು ಅಂಕಗಳನ್ನು ಕೊಡುತ್ತಿದ್ದೆವು. ಅಂದು ಸಂಜೆಯೇ ಈ ದೋಷದ ಮೂಲವನ್ನು ಕಂಡುಹಿಡಿಯಲೇಬೇಕೆಂದು ನಿಶ್ಚಯಿಸಿ, ಅದೇ ಬ್ಯಾಚಿನ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡೆವು.

ಮುಂದಿನದನ್ನು ಹೇಳುವ ಮೊದಲು ಈ ಸಂಪರ್ಕದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗಿದೆ. ವೈ-ಫೈ ಎಂಬುದು ರೇಡಿಯೋ ತರಂಗಗಳ ಮೂಲಕ ನಡೆಯುವ ಮಾತುಕತೆ. ಇದರ ಮೊದಲನೆಯ ಪ್ರಮಾಣಸೂತ್ರಗಳು ೧೯೯೭ರಲ್ಲಿ ಪ್ರಕಟವಾದುವು. ಹೆಚ್ಚು ಬಳಕೆಯಲ್ಲಿರುವ ಪಟ್ಟಿಯು ೨.೪ ಗಿಗಾಹರ್ಟ್ಸಿನದು, ಅಂದರೆ ತರಂಗವು ಸೆಕೆಂಡಿಗೆ ಇನ್ನೂರನಲವತ್ತು ಕೋಟಿ ಸಲ ಆಂದೋಲಿಸುವುದು, ಅದರ ಉದ್ದವು ಸುಮಾರು ೧೨.೫ ಸೆಂಟಿಮೀಟರು. ನಮ್ಮ ದೇಶದಲ್ಲಿ ಈ ಪಟ್ಟಿಯಲ್ಲಿ ಕಡಮೆ ಶಕ್ತಿಯ ಉಪಕರಣಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ೨೦೦೫ರ ನಿಯಮಗಳು ಅವಕಾಶವನ್ನಿತ್ತುವು. ರೂಟರು ಸುಮ್ಮನೆ ಕುಳಿತಿರುವುದಿಲ್ಲ. "ನಾನು ಇಲ್ಲಿದ್ದೇನೆ" ಎಂದು ಸಾರುವ ಒಂದು ಚಿಕ್ಕ ಸಂಕೇತವನ್ನು ಅದು ಸಾಮಾನ್ಯವಾಗಿ ೧೦೨.೪ ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಸುಮಾರು ಹತ್ತು ಸಲ, ಕಳುಹಿಸುತ್ತಲೇ ಇರುವುದು. ಇದಕ್ಕೆ ಬೀಕನ್ ಎಂದು ಹೆಸರು. ಹಡಗುಗಳಿಗೆ ದೀಪಸ್ತಂಭವಿದ್ದಂತೆ ಜಾಲದ ಯಂತ್ರಗಳಿಗೆ ಇದು.

ಗಣಕದೊಳಗೆ ಈ ತರಂಗಗಳನ್ನು ಹಿಡಿಯುವುದು ನಿಸ್ತಂತು ಕಾರ್ಡೆಂಬ ಒಂದು ಚಿಕ್ಕ ಹಲಗೆ. ಆದರೆ ಕಾರ್ಡಿನ ಭಾಷೆಯು ಗಣಕದ ಕಾರ್ಯಾಚರಣ ವ್ಯವಸ್ಥೆಗೆ ತಿಳಿಯದು. ಇವೆರಡರ ನಡುವೆ ದುಭಾಷಿಯ ಕೆಲಸವನ್ನು ಮಾಡುವ ತಂತ್ರಾಂಶವೇ ಡ್ರೈವರು. ಇದರ ಹೆಸರು ಬಸ್ಸನ್ನು ಓಡಿಸುವವನದಾದರೂ ಕೆಲಸವು ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನು ತಿಳಿಸಿಹೇಳುವ ದುಭಾಷಿಯದು. ದುಭಾಷಿಯು ಒಂದು ಮಾತನ್ನು ತಪ್ಪಾಗಿ ತಿಳಿಸಿದರೆ ಸಾಕ್ಷಿಯೂ ನ್ಯಾಯಾಧೀಶನೂ ಇಬ್ಬರೂ ಸರಿಯಿದ್ದರೂ ತೀರ್ಪು ಕೆಡುವುದು.

ನಮ್ಮ ಪರಿಶೋಧನೆಯ ಮೊದಲನೆಯ ದಿನವು ವ್ಯರ್ಥವಾಯಿತೆಂದು ಒಪ್ಪಿಕೊಳ್ಳಬೇಕು. ಅಂದು ವಿದ್ಯಾರ್ಥಿಗಳು ಉತ್ಸಾಹದಿಂದ ನಾಲ್ಕು ಉಪಾಯಗಳನ್ನು ಒಮ್ಮೆಲೇ ಮಾಡಿದರು. ರೂಟರಿನ ಚಾನೆಲನ್ನು ಬದಲಾಯಿಸಿದರು. ಡ್ರೈವರನ್ನು ತೆಗೆದು ಹೊಸದಾಗಿ ಸ್ಥಾಪಿಸಿದರು. ಲ್ಯಾಪ್‌ಟಾಪನ್ನು ಬೇರೆ ಮೇಜಿಗೆ ಒಯ್ದರು. ಕೊನೆಗೆ ಎಲ್ಲವನ್ನೂ ಆರಿಸಿ ಹೊತ್ತಿಸಿದರು. ಎರಡು ದಿನ ಸಂಪರ್ಕವು ನಿಂತಿತು. ಮೂರನೆಯ ದಿನ ಕಡಿಯಿತು. ಈಗ ನಮಗೆ ತಿಳಿದುದಾದರೂ ಏನು? ನಾಲ್ಕರಲ್ಲಿ ಯಾವುದು ಎರಡು ದಿನ ಫಲಕೊಟ್ಟಿತು, ಯಾವುದು ಮೂರನೆಯ ದಿನ ಸೋತಿತು, ಅಥವಾ ಆ ಎರಡು ದಿನಗಳು ಬರಿಯ ಆಕಸ್ಮಿಕವೋ, ಒಂದೂ ತಿಳಿಯಲಿಲ್ಲ. ಅಷ್ಟರಲ್ಲಿ ಕಚೇರಿಗೆ ಹೊಸ ರೂಟರು ಬೇಕೆಂದು ಅರ್ಜಿಯನ್ನೂ ಬರೆದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯು ಇಂತಹ ಚಿಕಿತ್ಸೆಯನ್ನು ನೋಡಿಯೇ ಹುಟ್ಟಿರಬೇಕು.

ಎರಡನೆಯ ವಾರ ಕ್ರಮವನ್ನು ಬದಲಾಯಿಸಿದೆವು. ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು, ಒಂದು ನೋಟು ಪುಸ್ತಕವನ್ನು ತೆರೆದು, ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮಾಡಿಕೊಂಡೆವು. ಇದು ಹೊಸ ನಿಯಮವೇನೂ ಅಲ್ಲ. ಬಾಯಿಲನ ನಿಯಮವನ್ನು ಪರೀಕ್ಷಿಸುವಾಗ ಉಷ್ಣತೆಯನ್ನು ಸ್ಥಿರವಾಗಿಟ್ಟು ಒತ್ತಡವನ್ನು ಮಾತ್ರ ಬದಲಾಯಿಸಬೇಕೆಂದು ನಾವೇ ತರಗತಿಯಲ್ಲಿ ಹೇಳುತ್ತೇವೆ. ತರಗತಿಯಿಂದ ಹೊರಗೆ ಬಂದೊಡನೆ ಅದನ್ನು ಮರೆಯುತ್ತೇವೆ.

ಮೊದಲನೆಯ ಪ್ರಶ್ನೆ: ದೋಷವು ಈ ಒಂದು ಯಂತ್ರದ್ದೋ, ಎಲ್ಲ ಯಂತ್ರಗಳದ್ದೋ? ಅದೇ ಮೇಜಿನ ಮೇಲೆ ಬೇರೊಂದು ಲ್ಯಾಪ್‌ಟಾಪನ್ನಿಟ್ಟು ಎರಡು ದಿನ ನೋಡಿದೆವು. ಅದರ ಸಂಪರ್ಕವು ಒಮ್ಮೆಯೂ ಕಡಿಯಲಿಲ್ಲ. ರೂಟರಿನ ಮೇಲಣ ಸಂದೇಹವು ಇಲ್ಲಿಗೆ ಬಹುಮಟ್ಟಿಗೆ ದೂರವಾಯಿತು. ಕಚೇರಿಗೆ ಬರೆದ ಅರ್ಜಿಯನ್ನು ಹಿಂದಕ್ಕೆ ತರಿಸಿಕೊಂಡೆವು.

ಎರಡನೆಯ ಪ್ರಶ್ನೆ: ತರಂಗವು ದುರ್ಬಲವಾಗಿ ಬರುತ್ತಿದೆಯೋ? ಗಣಕವು ತನಗೆ ಬರುವ ತರಂಗದ ಬಲವನ್ನು ಡೆಸಿಬೆಲ್ಲುಗಳಲ್ಲಿ ತೋರಿಸುವುದು. ಒಂದು ಮಿಲಿವ್ಯಾಟನ್ನು ಸೊನ್ನೆಯೆಂದು ಹಿಡಿದರೆ ಅದಕ್ಕಿಂತ ಎಷ್ಟು ಕೆಳಗೆ ಎಂಬುದು ಇಲ್ಲಿಯ ಲೆಕ್ಕ. ನಮ್ಮ ಮೇಜಿನಲ್ಲಿ ಅದು ಋಣ ೭೦ ಎಂದು ತೋರಿತು. ಇದು ಒಂದು ವ್ಯಾಟಿನ ಸಾವಿರ ಕೋಟಿಯಲ್ಲಿ ಒಂದು ಭಾಗ. ಕೇಳಲು ಅತ್ಯಲ್ಪವೆನಿಸಿದರೂ ಈ ಕಾರ್ಡುಗಳಿಗೆ ಇದು ಸಾಕಾಗುವಷ್ಟು ಬಲವೇ. ಆದರೂ ಲ್ಯಾಪ್‌ಟಾಪನ್ನು ರೂಟರಿನ ಪಕ್ಕಕ್ಕೇ ಒಯ್ದು, ಋಣ ೪೦ರಷ್ಟು ಬಲವಿರುವಲ್ಲಿ ಇರಿಸಿದೆವು. ಸಂಪರ್ಕವು ಮೊದಲಿನಂತೆಯೇ ಕಡಿಯಿತು. ಹಾಗಾದರೆ ದೂರವು ಕಾರಣವಲ್ಲ.

ಮೂರನೆಯ ಪ್ರಶ್ನೆ: ಗಣಕದ ಉಳಿದ ಭಾಗವು ಸರಿಯಿದೆಯೋ? ಒಳಗಿನ ಕಾರ್ಡನ್ನು ನಿಲ್ಲಿಸಿ, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಬೇರೊಂದು ನಿಸ್ತಂತು ಸಾಧನವನ್ನು ಅದೇ ಲ್ಯಾಪ್‌ಟಾಪಿಗೆ ಹಾಕಿದೆವು. ಸಂಪರ್ಕವು ಎರಡು ದಿನ ಅಲುಗಾಡದೆ ನಿಂತಿತು. ಈಗ ಉಳಿದುದು ಒಳಗಿನ ಕಾರ್ಡು, ಇಲ್ಲವೆ ಅದರ ಡ್ರೈವರು.

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು: ಯಾವಾಗ ಕಡಿಯುವುದು? ಒಳಗಿನ ಕಾರ್ಡನ್ನು ಮತ್ತೆ ಬಳಕೆಗೆ ತಂದು, ಪ್ರತಿ ಕಡಿತದ ವೇಳೆಯನ್ನೂ ಆಗ ಯಂತ್ರವು ಮಾಡುತ್ತಿದ್ದ ಕೆಲಸವನ್ನೂ ನೋಟು ಪುಸ್ತಕದಲ್ಲಿ ಬರೆಯತೊಡಗಿದೆವು. ಮೂರು ದಿನಗಳ ಪಟ್ಟಿಯನ್ನು ನೋಡಿದಾಗ, ನಮ್ಮಲ್ಲೊಬ್ಬ ವಿದ್ಯಾರ್ಥಿಯು ಒಂದು ಸಂಗತಿಯನ್ನು ಗುರುತಿಸಿದನು. ದೊಡ್ಡ ಕಡತಗಳನ್ನು ಕಳುಹಿಸುತ್ತಿದ್ದಾಗ ಒಂದು ಸಲವೂ ಕಡಿದಿರಲಿಲ್ಲ. ಯಂತ್ರವು ಹೆಚ್ಚು ಹೊತ್ತು ಸುಮ್ಮನಿದ್ದು ನಿಮಿಷಕ್ಕೊಂದು ಅಳತೆಯನ್ನು ಮಾತ್ರ ಕಳುಹಿಸುತ್ತಿದ್ದಾಗಲೇ ಎಲ್ಲ ಕಡಿತಗಳೂ ಆಗಿದ್ದುವು. ಭಾರವಿದ್ದಾಗ ಗಟ್ಟಿ, ಬಿಡುವಿದ್ದಾಗ ದುರ್ಬಲ. ಇದು ನಾವು ಊಹಿಸಿದ್ದಕ್ಕೆ ತೀರ ವಿರುದ್ಧವಾಗಿತ್ತು.

ಆ ಯಂತ್ರದಲ್ಲಿದ್ದ ಲಿನಕ್ಸ್ ವ್ಯವಸ್ಥೆಯು ನಡೆದುದೆಲ್ಲವನ್ನೂ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುವುದು. ಅದನ್ನು ತೆರೆದು, ಕಡಿತದ ವೇಳೆಗಳಿಗೆ ಎದುರಾಗಿ ಏನು ಬರೆದಿದೆಯೆಂದು ತಾಳೆ ನೋಡಿದೆವು. ಪ್ರತಿಯೊಂದು ಕಡಿತದೆದುರಿಗೂ "ಕಾರಣ ಸಂಖ್ಯೆ ೪" ಎಂದಿತ್ತು. ವೈ-ಫೈ ಪ್ರಮಾಣಸೂತ್ರಗಳಲ್ಲಿ ಕಡಿತದ ಕಾರಣಗಳಿಗೆ ಸಂಖ್ಯೆಗಳನ್ನು ಕೊಟ್ಟಿರುವರು. ನಾಲ್ಕು ಎಂದರೆ ನಿಷ್ಕ್ರಿಯತೆಯ ದೆಸೆಯಿಂದ ಬಿಡುಗಡೆ. ರೂಟರು ನಮ್ಮ ಯಂತ್ರವನ್ನು ಹೊರಗೆ ಹಾಕಿತೆಂದು ಇದನ್ನು ಓದಿದವರಿಗೆ ಮೊದಲು ತೋರುವುದು. ನಮಗೂ ಹಾಗೆಯೇ ತೋರಿತು. ಆದರೆ ಅದೇ ಸಾಲಿನ ಕೊನೆಯಲ್ಲಿ, ಈ ಸಂದೇಶವು ಇದೇ ಯಂತ್ರದಲ್ಲಿ ಹುಟ್ಟಿದುದೆಂಬ ಟಿಪ್ಪಣಿಯಿತ್ತು. ರೂಟರು ನಮ್ಮನ್ನು ಬಿಟ್ಟಿರಲಿಲ್ಲ. ಅದರ ಬೀಕನ್ನುಗಳು ಕೇಳಿಸಲಿಲ್ಲವೆಂದು ನಮ್ಮ ಯಂತ್ರವೇ ಕೈಬಿಟ್ಟಿತ್ತು.

ಬೀಕನ್ನುಗಳು ಏಕೆ ಕೇಳಿಸಲಿಲ್ಲ? ಇದಕ್ಕೆ ಉತ್ತರವು ವಿದ್ಯುತ್ತಿನ ಮಿತವ್ಯಯದಲ್ಲಿದೆ. ಬ್ಯಾಟರಿಯನ್ನು ಉಳಿಸುವುದಕ್ಕಾಗಿ ನಿಸ್ತಂತು ಕಾರ್ಡು ಕೆಲಸವಿಲ್ಲದಾಗ ನಿದ್ರಿಸುವುದು. ನಿದ್ರಿಸುವ ಮುನ್ನ ರೂಟರಿಗೆ ಹಾಗೆಂದು ತಿಳಿಸುವುದು. ರೂಟರು ಅದರ ಹೆಸರಿಗೆ ಬಂದ ಸಂದೇಶಗಳನ್ನು ಕಾದಿರಿಸಿ, ಬೀಕನ್ನಿನೊಡನೆ "ನಿನಗೆ ಕಾಗದ ಬಂದಿದೆ" ಎಂದು ಸೂಚಿಸುವುದು. ಕಾರ್ಡು ಬೀಕನ್ನು ಬರುವ ಕ್ಷಣಕ್ಕೆ ಸರಿಯಾಗಿ ಎದ್ದು ಕಿವಿಗೊಟ್ಟು, ತನಗೇನೂ ಇಲ್ಲದಿದ್ದರೆ ಮತ್ತೆ ಮಲಗಬೇಕು. ಎಷ್ಟು ಜಾಣತನದ ಏರ್ಪಾಡು! ಆದರೆ ಏಳುವ ಗಳಿಗೆಯು ಸ್ವಲ್ಪ ತಪ್ಪಿದರೂ ಬೀಕನ್ನು ಕೈತಪ್ಪುವುದು. ಸಾಲಾಗಿ ಹಲವು ತಪ್ಪಿದರೆ, ರೂಟರು ಇಲ್ಲವಾಯಿತೆಂದು ಯಂತ್ರವು ತೀರ್ಮಾನಿಸುವುದು. ಕೆಲಸ ಹೆಚ್ಚಿದ್ದಾಗ ಕಾರ್ಡಿಗೆ ನಿದ್ರೆಯೇ ಇರುವುದಿಲ್ಲವಾದ್ದರಿಂದ ಆಗ ದೋಷವೂ ಕಾಣಿಸದು. ನೋಟು ಪುಸ್ತಕದ ಪಟ್ಟಿಯು ಹೇಳಿದುದು ಇದನ್ನೇ.

ಇಷ್ಟಾದರೂ ಇದು ಇನ್ನೂ ಊಹೆಯೇ. ಊಹೆಯನ್ನು ಪರೀಕ್ಷೆಗೆ ಒಡ್ಡಬೇಕಾಗಿತ್ತು. ಕಾರ್ಡಿನ ನಿದ್ರೆಯನ್ನು ನಿಲ್ಲಿಸುವ ಆಜ್ಞೆಯೊಂದುಂಟು. ಅದನ್ನು ಕೊಟ್ಟೆವು, ಬೇರೇನನ್ನೂ ಮುಟ್ಟಲಿಲ್ಲ. ಒಂದು ವಾರ ಒಂದು ಕಡಿತವೂ ಆಗಲಿಲ್ಲ. ಸಾಮಾನ್ಯವಾಗಿ ಜನರು ಇಲ್ಲಿಗೆ ನಿಲ್ಲಿಸುವರು. ನಾವು ನಿದ್ರೆಯನ್ನು ಮತ್ತೆ ಚಾಲನೆಗೆ ತಂದೆವು. ಅಂದೇ ಮಧ್ಯಾಹ್ನ ಸಂಪರ್ಕವು ಕಡಿಯಿತು. ಮತ್ತೆ ನಿಲ್ಲಿಸಿದೆವು, ಕಡಿತವೂ ನಿಂತಿತು. ದೋಷವನ್ನು ಹೋಗಲಾಡಿಸುವುದಷ್ಟೇ ಅಲ್ಲದೆ ಬೇಕೆಂದಾಗ ಬರಿಸಲೂ ಶಕ್ತರಾದಾಗ ಮಾತ್ರ, ಕಾರಣವು ತಿಳಿಯಿತೆಂದು ಹೇಳುವ ಅಧಿಕಾರವು ನಮಗೆ ಬರುವುದು. ವಿದ್ಯಾರ್ಥಿಗಳು ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೂ ಈ ಲೇಖನವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.

ಎಲ್ಲ ಕಡಿತಗಳಿಗೂ ನಿದ್ರೆಯೇ ಕಾರಣವೆಂದು ಯಾರೂ ಭಾವಿಸಬಾರದು. ದಿನವೂ ಊಟದ ವೇಳೆಗೆ ಸರಿಯಾಗಿ ಕಡಿದರೆ ಪಕ್ಕದ ಕೋಣೆಯ ಮೈಕ್ರೋವೇವ್ ಒಲೆಯನ್ನು ಸಂದೇಹಿಸಬೇಕು, ಅದೂ ೨.೪೫ ಗಿಗಾಹರ್ಟ್ಸಿನಲ್ಲಿಯೇ ಕೆಲಸಮಾಡುವುದು. ಒಂದೇ ಜಾಗದಲ್ಲಿ ಮಾತ್ರ ಕಡಿದರೆ, ಗೋಡೆಗಳಿಂದ ಪ್ರತಿಫಲಿಸಿದ ತರಂಗಗಳು ಅಲ್ಲಿ ಪರಸ್ಪರ ಅಳಿಸಿಕೊಂಡಿರಬಹುದು. ಯಂತ್ರವನ್ನು ಕಾಲು ತರಂಗದುದ್ದ, ಅಂದರೆ ಸುಮಾರು ಮೂರು ಸೆಂಟಿಮೀಟರು, ಸರಿಸಿ ನೋಡಬಹುದು. ಎಲ್ಲ ಯಂತ್ರಗಳೂ ಒಟ್ಟಿಗೆ ಕಡಿದರೆ ರೂಟರಿನ ಕಡೆಗೆ ತಿರುಗಬೇಕು. ಕಡಿತದ ಕ್ರಮವನ್ನು ಗಮನಿಸಿದವರಿಗೆ ಕಾರಣವು ಎಲ್ಲಿದೆಯೆಂಬುದು ಅರ್ಧ ತಿಳಿದಂತೆಯೇ.

ಇಲ್ಲಿ ಹಳೆಯ ಸಂಗತಿಯೊಂದು ನಮ್ಮ ನೆನಪಿಗೆ ಬರುತ್ತದೆ. ನಿಸ್ತಂತು ವಿದ್ಯೆಯ ಬಾಲ್ಯದಲ್ಲಿ ತರಂಗಗಳನ್ನು ಹಿಡಿಯಲು ಕೊಹಿರರ್ ಎಂಬ ಸಾಧನವಿತ್ತು. ಫ್ರಾನ್ಸಿನ ಬ್ರಾನ್ಲೀ ೧೮೯೦ರಲ್ಲಿ ಇದರ ಮೂಲತತ್ವವನ್ನು ತೋರಿಸಿದ್ದನು. ಗಾಜಿನ ಕೊಳವೆಯೊಂದರಲ್ಲಿ ಲೋಹದ ಪುಡಿ. ತರಂಗವು ತಾಕಿದೊಡನೆ ಪುಡಿಯ ಕಣಗಳು ಕೂಡಿಕೊಂಡು ವಿದ್ಯುತ್ತನ್ನು ಹರಿಯಗೊಡುವುವು. ಆದರೆ ಒಮ್ಮೆ ಕೂಡಿದ ಕಣಗಳು ತಾವಾಗಿ ಬಿಡಿಯಾಗವು. ಪ್ರತಿ ಸಂಕೇತದ ಬಳಿಕವೂ ಕೊಳವೆಯನ್ನು ತಟ್ಟಬೇಕು. ಪೊಪೊವ್, ಮಾರ್ಕೋನಿ ಮೊದಲಾದವರು ತಟ್ಟುವುದಕ್ಕೆಂದೇ ಸಣ್ಣ ಸುತ್ತಿಗೆಗಳನ್ನು ಅಳವಡಿಸಿಕೊಂಡರು. ಇಂದಿನ ಆಫ್ ಮಾಡಿ ಆನ್ ಮಾಡುವ ಉಪಾಯದ ಮುತ್ತಜ್ಜನೇ ಈ ಸುತ್ತಿಗೆ.

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸರು ಬೇರೊಂದು ಪ್ರಶ್ನೆಯನ್ನು ಕೇಳಿದರು: ತಟ್ಟಬೇಕಾಗುವುದಾದರೂ ಏಕೆ? ಅವರು ಒಂದೊಂದಾಗಿ ಬೇರೆ ಬೇರೆ ಲೋಹಗಳನ್ನು ಪರೀಕ್ಷಿಸಿದರು. ತಾವಾಗಿಯೇ ಚೇತರಿಸಿಕೊಳ್ಳುವ ಕೊಹಿರರನ್ನು ಕುರಿತ ಅವರ ಲೇಖನವು ೧೮೯೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದಿತು. ಅದರಲ್ಲಿ ಕಬ್ಬಿಣ ಮತ್ತು ಪಾದರಸಗಳ ಸ್ಪರ್ಶದಿಂದ ಕೆಲಸಮಾಡುವ ಶೋಧಕದ ವರ್ಣನೆಯಿತ್ತು. ಅಷ್ಟೇ ಅಲ್ಲ. ಸತತವಾಗಿ ಬಳಸಿದ ಶೋಧಕವು ದಣಿದಂತೆ ಮಂಕಾಗಿ ವಿಶ್ರಾಂತಿಯ ಅನಂತರ ಚೇತರಿಸಿಕೊಳ್ಳುವುದನ್ನು ಅವರು ಕಂಡರು. ಈ ದೋಷವೇ ಅವರನ್ನು ಜೀವಿಗಳ ಮತ್ತು ನಿರ್ಜೀವ ವಸ್ತುಗಳ ಪ್ರತಿಕ್ರಿಯೆಗಳ ಅಧ್ಯಯನಕ್ಕೆ ಕರೆದೊಯ್ದಿತು. ಆ ವಿಷಯದ ಅವರ ಗ್ರಂಥವು ೧೯೦೨ರಲ್ಲಿ ಪ್ರಕಟವಾಯಿತು. ಕೊಳವೆಯನ್ನು ತಟ್ಟಿ ಮುಂದೆ ಹೋಗಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ನಮ್ಮ ಕಾಲದ ಒಂದು ಉದಾಹರಣೆಯೂ ಉಂಟು. ಲ್ಯಾರಿ ಫಿಂಗರ್ ಎಂಬ ವಿಜ್ಞಾನಿಯು ವಾಷಿಂಗ್‌ಟನ್ನಿನ ಕಾರ್ನೆಗಿ ಸಂಸ್ಥೆಯ ಭೂಭೌತ ಪ್ರಯೋಗಶಾಲೆಯಲ್ಲಿ ಖನಿಜಗಳ ಸ್ಫಟಿಕರಚನೆಯನ್ನು ಅಭ್ಯಾಸಮಾಡಿದವರು. ಫಿಂಗರೈಟ್ ಎಂಬ ಖನಿಜಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಬಳಿಕ ಅವರು ಲಿನಕ್ಸಿನ ನಿಸ್ತಂತು ಡ್ರೈವರುಗಳ ದೋಷಗಳನ್ನು ಸರಿಪಡಿಸುವುದರಲ್ಲಿ ತೊಡಗಿ, ೨೦೨೪ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡಸಿಕೊಂಡು ಬಂದರು. ಸ್ಫಟಿಕದೊಳಗಿನ ಪರಮಾಣುಗಳನ್ನು ಯಾರೂ ಕಣ್ಣಿನಿಂದ ಕಂಡು ರಚನೆಯನ್ನು ಬರೆಯುವುದಿಲ್ಲ. ಚದರಿದ ಎಕ್ಸ್-ಕಿರಣಗಳ ಚುಕ್ಕೆಗಳಿಂದ ಅದನ್ನು ತರ್ಕಿಸಬೇಕು. ತಯಾರಕರು ವಿವರಗಳನ್ನು ಕೊಡದಿದ್ದ ಕಾರ್ಡುಗಳ ವಿಷಯದಲ್ಲಿಯೂ ಹಾಗೆಯೇ ಮಾಡಬೇಕಾಗಿತ್ತು. ಒಂದು ಬಗೆಯ ಪ್ರಸಿದ್ಧ ಕಾರ್ಡುಗಳಿಗೆ ಹೀಗೆ ತಯಾರಾದ ಡ್ರೈವರು ೨೦೦೬ರಲ್ಲಿ ಲಿನಕ್ಸಿಗೆ ಸೇರಿತು. ಇದ್ದ ಡ್ರೈವರಿನ ನಡವಳಿಕೆಯನ್ನು ಕೆಲವರು ಪರಿಶೀಲಿಸಿ ವಿವರಣೆಯನ್ನು ಬರೆದರು. ಆ ವಿವರಣೆಯನ್ನು ಮಾತ್ರ ಓದಿ ಬೇರೆಯವರು ಹೊಸ ಡ್ರೈವರನ್ನು ಬರೆದರು. ಈ ಕಾರ್ಡುಗಳ ಡ್ರೈವರನ್ನು ಮುಂದುವರಿಸಿದವರಲ್ಲಿ ಫಿಂಗರರೂ ಒಬ್ಬರು.

ಅವರು ಬಗೆಹರಿಸಿದ ಒಂದು ಸಮಸ್ಯೆಯು ನಮ್ಮ ವಿಷಯಕ್ಕೆ ಬಹು ಹತ್ತಿರವಾದುದು. ೨೦೧೦ರ ದಶಕದ ಮಧ್ಯಭಾಗದಲ್ಲಿ ಕೆಲವು ಲ್ಯಾಪ್‌ಟಾಪುಗಳಲ್ಲಿ ತರಂಗವು ತೀರ ದುರ್ಬಲವಾಗಿ ಬಂದು ಸಂಪರ್ಕವು ನಿಲ್ಲುತ್ತಿರಲಿಲ್ಲ. ಕಾರ್ಡಿಗೆ ಎರಡು ಆಂಟೆನಾಗಳ ಸ್ಥಾನಗಳಿದ್ದರೂ ಜೋಡಿಸಿದ್ದುದು ಒಂದೇ ಆಂಟೆನಾ. ಕಾರ್ಡಿನ ಸ್ಮೃತಿಯಲ್ಲಿ ಮಾತ್ರ ಖಾಲಿಯಾದ ಇನ್ನೊಂದು ಸ್ಥಾನವನ್ನು ಬಳಸೆಂದು ಬರೆದಿತ್ತು. ಯಂತ್ರವನ್ನು ಬಿಚ್ಚಿದರೆ ಖಾತರಿಯು ತಪ್ಪಬಹುದು. ಆದಕಾರಣ ಯಾವ ಆಂಟೆನಾವನ್ನು ಬಳಸಬೇಕೆಂಬುದನ್ನು ಬಳಕೆದಾರನೇ ತಿಳಿಸುವಂತೆ ಫಿಂಗರರು ಡ್ರೈವರಿನಲ್ಲಿಯೇ ಒಂದು ಏರ್ಪಾಡನ್ನು ಸೇರಿಸಿದರು. ಆಂಟೆನಾವಿಲ್ಲದ ಕಿವಿಯಿಂದ ಕೇಳುತ್ತಿದ್ದ ಯಂತ್ರವನ್ನು ಎಷ್ಟು ಸಲ ಆರಿಸಿ ಹೊತ್ತಿಸಿದರೇನು?

ನಮ್ಮ ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಆಸ್ಪತ್ರೆಯಲ್ಲಿ, ರೈಲ್ವೆ ಟಿಕೆಟ್ ಕೌಂಟರಿನಲ್ಲಿ, ಪರೀಕ್ಷೆಯ ಕೋಣೆಯಲ್ಲಿ ಸಂಪರ್ಕವು ಆ ಕ್ಷಣವೇ ಬೇಕು. ಅಲ್ಲಿ ವಾರಗಟ್ಟಲೆ ಶೋಧನೆ ನಡಸುತ್ತ ಕೂರಲಾದೀತೆ ಎಂಬುದು ಮೊದಲನೆಯದು. ಇದು ನ್ಯಾಯವಾದ ಮಾತು. ಅಂತಹಲ್ಲಿ ಮೊದಲು ಸಂಪರ್ಕವನ್ನು ಮರಳಿಸಲೇಬೇಕು. ಆದರೆ ಮರಳಿಸುವ ಮುನ್ನ ವೇಳೆಯನ್ನು ಬರೆದುಕೊಂಡು ಲಾಗಿನ ಒಂದು ಪ್ರತಿಯನ್ನು ಎತ್ತಿಟ್ಟುಕೊಳ್ಳಲು ಎರಡು ನಿಮಿಷ ಸಾಕು. ಆರಿಸಿ ಹೊತ್ತಿಸಿದಾಗ ಯಂತ್ರದ ಆ ಕ್ಷಣದ ಸ್ಥಿತಿಯು ಅಳಿಸಿಹೋಗುವುದು. ಸಾಕ್ಷ್ಯವನ್ನು ಅಳಿಸಿದ ಮೇಲೆ ವಿಚಾರಣೆ ನಡಸುವುದೆಂತು?

ಎರಡನೆಯ ಆಕ್ಷೇಪವೆಂದರೆ, ಡ್ರೈವರು ಎಂಬುದು ಸಾವಿರಾರು ಸಾಲುಗಳ ಬರವಣಿಗೆ, ಹೈಸ್ಕೂಲಿನ ಹುಡುಗನಿಗೆ ಅದು ಹೇಗೆ ತಿಳಿದೀತು ಎಂಬುದು. ಓದುಗರು ನಮ್ಮ ಶೋಧನೆಯ ಹೆಜ್ಜೆಗಳನ್ನು ಮತ್ತೊಮ್ಮೆ ನೋಡಬೇಕಾಗಿ ಕೋರುತ್ತೇವೆ. ಡ್ರೈವರಿನ ಒಂದು ಸಾಲನ್ನೂ ನಾವು ಓದಲಿಲ್ಲ. ನಮಗೆ ಬೇಕಾಗಿದ್ದುದು ಇನ್ನೊಂದು ಯಂತ್ರ, ಬೇರೊಂದು ನಿಸ್ತಂತು ಸಾಧನ, ಒಂದು ನೋಟು ಪುಸ್ತಕ ಮತ್ತು ಕೆಲವು ವಾರಗಳ ತಾಳ್ಮೆ. ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಉಳಿದವು ಹಲವು ಕಾಲೇಜುಗಳಲ್ಲಿ ಈಗಾಗಲೇ ಇವೆ.

ಆದುದರಿಂದ ನಮ್ಮ ಸಹೋದ್ಯೋಗಿಗಳ ಮುಂದೆ ಮೂರು ಸೂಚನೆಗಳನ್ನಿಡಲು ಬಯಸುತ್ತೇವೆ. ಮೊದಲನೆಯದಾಗಿ, ಪ್ರತಿ ಅವಧಿಯಲ್ಲಿ ಒಂದು ಪ್ರಯೋಗವಾದರೂ ದೋಷಶೋಧನೆಗೆ ಮೀಸಲಾಗಿರಲಿ. ತಂತಿಯೊಂದನ್ನು ಸಡಿಲಿಸಿ, ಬತ್ತಿದ ಸೆಲ್ಲೊಂದನ್ನು ಸೇರಿಸಿ, ವಿದ್ಯಾರ್ಥಿಗೆ ಕೊಡೋಣ. ಆತನು ಎಷ್ಟು ಬೇಗ ಸರಿಮಾಡಿದನೆಂಬುದಕ್ಕಿಂತ, ಯಾವ ಕ್ರಮದಲ್ಲಿ ಯೋಚಿಸಿದನೆಂಬುದಕ್ಕೆ ಅಂಕಗಳಿರಲಿ. ಎರಡನೆಯದಾಗಿ, ಗ್ರಾಫಿನಲ್ಲಿ ಅಳತೆಯಿಲ್ಲದ ಕಡೆ ಖಾಲಿ ಬಿಟ್ಟು ಕಾರಣವನ್ನು ಬರೆದವರ ಅಂಕಗಳನ್ನು ಕಡಿಯದಿರೋಣ. ಮೂರನೆಯದಾಗಿ, ಪ್ರಯೋಗಶಾಲೆಗೆ ಯಂತ್ರಗಳನ್ನು ಕೊಳ್ಳುವಾಗ, ಯಾವ ಕಾರ್ಡುಗಳ ಡ್ರೈವರುಗಳು ಎಲ್ಲರ ಪರಿಶೀಲನೆಗೆ ತೆರೆದಿವೆಯೋ ಅವುಗಳಿಗೆ ಆದ್ಯತೆ ಕೊಡೋಣ. ದೋಷವು ಯಾವ ಯಂತ್ರಕ್ಕೂ ತಪ್ಪಿದ್ದಲ್ಲ. ಅದನ್ನು ಹುಡುಕುವ ದಾರಿಯು ಮುಚ್ಚಿರಬಾರದು.

ಆ ವಿದ್ಯಾರ್ಥಿನಿಯು ಅನಂತರ ಪ್ರಯೋಗವನ್ನು ಮತ್ತೆ ಮಾಡಿದಳು. ಸಂಪರ್ಕವು ಕಡಿಯಲಿಲ್ಲ, ನಲವತ್ತು ಅಳತೆಗಳೂ ಬಂದುವು. ನಿಜವಾದ ಬಿಂದುಗಳು ಹಿಂದಿನವುಗಳಷ್ಟು ನುಣುಪಾಗಿರಲಿಲ್ಲ. ಯಾರೋ ಫ್ಯಾನು ಹಾಕಿದ ಗಳಿಗೆಯಿಂದ ವಕ್ರರೇಖೆಯು ಸ್ಪಷ್ಟವಾಗಿ ಕೆಳಗೆ ಬಾಗಿತ್ತು. ಬಾಗಿದ ಕಾರಣವನ್ನು ಆಕೆಯು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಿದ್ದಳು. ಹಳೆಯ ಗ್ರಾಫಿನ ಕೆಳಗಿದ್ದ ನಮ್ಮ ಸಹಿಯನ್ನು ಹೊಡೆದುಹಾಕಿ, ಹೊಸದರ ಕೆಳಗೆ 'ಸರಿಯಾಗಿದೆ' ಎಂದು ಬರೆದು ಸಹಿ ಹಾಕಿದೆವು. ಓದುಗ ಮಿತ್ರರು ಮುಂದಿನ ಸಲ ಸಂಪರ್ಕವು ಕಡಿದಾಗ, ಸ್ವಿಚ್ಚಿನ ಕಡೆಗೆ ಕೈ ಹೋಗುವ ಮೊದಲು, ಗಡಿಯಾರವನ್ನು ನೋಡಿ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಶೋಧನೆಯು ಅಲ್ಲಿಂದ ಆರಂಭವಾಗುವುದು.